ಹೊಡೆದಾಟ ನೋಡಿದ್ದು ಸಾಕು, ಹಾಡು ಕೇಳಿ

ವೇದಿಕೆ ಮೇಲೆ ಗಾಯಕನೊಬ್ಬ ತನ್ನ ತಂಡದವರ ಜೊತೆಗೇ ಗುದ್ದಾಡುತ್ತಾನೆ. ಅಮೆರಿಕದ ಗಿಟಾರ್ ವಾದಕ, ಸಂಯೋಜಕ ಆಂಟನ್ ನ್ಯೂಕೋಂಬ್ ಹೆಸರು ಎತ್ತಿದರೆ ಜನ ನೆನೆಯುವುದು ಇದನ್ನೇ. ಇದು 'ಡಿಗ್!' ಎಂಬ ಸಾಕ್ಷ್ಯಚಿತ್ರದ ದೃಶ್ಯ. 2004ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ದೊಡ್ಡ ಪ್ರಶಸ್ತಿಯೂ ಬಂತು.

ನನ್ನ ತಕರಾರು ಇಲ್ಲಿದೆ. ಏಳು ವರ್ಷ ಚಿತ್ರೀಕರಿಸಿದ್ದನ್ನು ಎರಡು ಗಂಟೆಯೊಳಗೆ ಇಳಿಸಿದರು. ಕಥೆ ಹೇಳುವ ದನಿ ಯಾರದು ಗೊತ್ತೇ? ಡ್ಯಾಂಡಿ ವಾರ್‌ಹಾಲ್ಸ್ ತಂಡದ ಗಾಯಕ ಕೋರ್ಟ್ನಿ ಟೇಲರ್-ಟೇಲರ್‌ದು. ಚಿತ್ರದಲ್ಲಿ ಆಂಟನ್‌ಗೆ ಪೈಪೋಟಿಯಾಗಿ ನಿಲ್ಲಿಸಿದ್ದು ಅದೇ ತಂಡವನ್ನು! ಬದುವಿನ ಜಗಳದಲ್ಲಿ ಪಕ್ಕದ ಹೊಲದವನೇ ನ್ಯಾಯ ಹೇಳಿದಂತಾಯಿತು. ಆಂಟನ್ ಈ ಚಿತ್ರವನ್ನು ಬಹಿರಂಗವಾಗಿಯೇ ವಿರೋಧಿಸಿದ.

ಅದೇ 2004ರಲ್ಲಿ ಇನ್ನೊಂದು ಸಾಕ್ಷ್ಯವೂ ಬಂತು: 'ಟೆಪಿಡ್ ಪೆಪ್ಪರ್‌ಮಿಂಟ್ ವಂಡರ್‌ಲ್ಯಾಂಡ್'. ಆಂಟನ್ 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದ 'ಬ್ರಯಾನ್ ಜೋನ್ಸ್‌ಟೌನ್ ಮ್ಯಾಸಕರ್' ತಂಡದ ಹಾಡುಗಳ ಸಂಕಲನ, ಎರಡು ಡಿಸ್ಕ್. 1960ರ ದಶಕದ ಸೈಕೆಡೆಲಿಕ್ ರಾಕ್ ಅನ್ನು ಈತ ಹೊಸದಾಗಿ ನುಡಿಸಿದ. ಗುಂಯ್‌ಗುಡುವ ಗಿಟಾರ್, ಬಿಡದೆ ಸುತ್ತುವ ಲಯ; ಕೆಲವು ಆಲ್ಬಂಗಳಲ್ಲಿ ನಮ್ಮ ಸಿತಾರ್ ಕೂಡ ಇದೆ. 1996ರಲ್ಲೇ ಮೂರು ಆಲ್ಬಂ ಬಂದವು. ಒಂದಕ್ಕೆ ತಗುಲಿದ ಖರ್ಚು 17 ಡಾಲರ್ 36 ಸೆಂಟ್ ಎಂದು ತಂಡ ಹೇಳಿಕೊಂಡಿತು. ಬರೀ ಜಗಳಗಂಟನಿಂದ ಇಷ್ಟು ಕೆಲಸ ಆಗುತ್ತಿತ್ತೇ?

ಜಗಳ ಸುಳ್ಳಲ್ಲ. ಹೆರಾಯಿನ್ ಚಟವೂ ಇತ್ತು. ಅದನ್ನು ತೋರಿಸಲೇಬಾರದು ಎನ್ನುತ್ತಿಲ್ಲ. ಅಷ್ಟೇ ಮನುಷ್ಯ ಎಂದು ತೋರಿಸುವುದು ತಪ್ಪು. 'ಸಂಕಲನದಲ್ಲೂ ಬೇಕಾದ್ದನ್ನು ಆರಿಸಿರುತ್ತಾರಲ್ಲ' ಎನ್ನಬಹುದು. ನಿಜ. ಆದರೆ ಹಾಡು ಚೆನ್ನಾಗಿದೆಯೋ ಇಲ್ಲವೋ ನಿಮ್ಮ ಕಿವಿಯೇ ಹೇಳುತ್ತದೆ. ನಡುವೆ ಇನ್ನೊಬ್ಬರ ವ್ಯಾಖ್ಯಾನ ಬೇಕಿಲ್ಲ.

ಸಿನಿಮಾ ನೋಡಿದವರಿಗೆ ಆಂಟನ್ ಕಥೆ ಮುಗಿದಂತೆ ಕಂಡಿತ್ತು. ಮುಗಿಯಲಿಲ್ಲ. 1996ರ ಅವನ ಹಾಡೊಂದು 2010ರಲ್ಲಿ 'ಬೋರ್ಡ್‌ವಾಕ್ ಎಂಪೈರ್' ಧಾರಾವಾಹಿಯ ಶೀರ್ಷಿಕೆ ಸಂಗೀತವಾಯಿತು. ಬರ್ಲಿನ್‌ಗೆ ಹೋಗಿ, ತನ್ನದೇ ಕಂಪನಿಯಿಂದ ಆಲ್ಬಂ ತರುತ್ತಲೇ ಬಂದ.

ಈ ರೋಗ ಅಮೆರಿಕದ್ದಷ್ಟೇ ಅಲ್ಲ. ಜಾತ್ರೆಯಲ್ಲಿ ಬೆಳಗಿನವರೆಗೆ ಬಯಲಾಟ ನಡೆದರೆ ನಾವು ಕಳಿಸಿದ ಸುದ್ದಿಗೆ ಜಾಗ ಸಿಗುವುದಿಲ್ಲ. ಅಲ್ಲೇ ಎರಡು ಏಟು ಬಿದ್ದರೆ 'ವಿಡಿಯೋ ಇದೆಯಾ?' ಎಂದು ಫೋನ್ ಬರುತ್ತದೆ.

ಕಲಾವಿದನ ಗಲಾಟೆಯ ತುಣುಕು ನಿಮ್ಮ ಮೊಬೈಲಿಗೆ ಬಂದರೆ ಮೊದಲು ಕೇಳಿ: ಕ್ಯಾಮೆರಾ ಯಾರದು? ಮಾತು ಯಾರದು? ಆಮೇಲೆ ಅವನ ಹಾಡು ಹುಡುಕಿ ಕೇಳಿ. ತೀರ್ಪು ಕೊಡುವುದಿದ್ದರೆ ಅದಾದ ಮೇಲೆ ಕೊಡಿ.