ಅಥಣಿಯ ಕಾಲ್ಮರಿಗೆ ಬಂದ ಹೊಸ ಅಳತೆ

ಕಸುಬು ಬದಲಾದಾಗ ‘ಹೊಂದಿಕೊಂಡು ಹೋಗ್ರಿ’ ಎಂದು ದುಡಿಯುವವರಿಗೆ ಬುದ್ಧಿ ಹೇಳುವವರು ಬಹಳ. ಹೊಂದಿಕೊಳ್ಳಲು ಅವರ ಕೈಯಲ್ಲಿ ಏನಿರಬೇಕು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ಬೆಳಗಾವಿ ಜಿಲ್ಲೆಯ ಅಥಣಿಯ ಚಮ್ಮಾರಿಕೆಯಲ್ಲಿ ಉತ್ತರ ಸಿಗುತ್ತದೆ.

ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಗಳಲ್ಲಿ ಎಷ್ಟೋ ಜೋಡಿ ತಯಾರಾಗುವುದು ಅಥಣಿ, ನಿಪ್ಪಾಣಿ, ಮದಭಾವಿಯ ಮನೆಗಳಲ್ಲಿ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ಚರ್ಮ. ಹೊಲಿಗೆಗೂ ಚರ್ಮದ್ದೇ ದಾರ, ಮೊಳೆ ಹೊಡೆಯುವುದಿಲ್ಲ. ರಂಪಿಗೆ ಹಿಡಿದು ಅಟ್ಟೆ ಕತ್ತರಿಸುವುದು ಹೆಚ್ಚಾಗಿ ಗಂಡಸರು. ಪಟ್ಟಿ ಹೆಣೆಯುವುದು, ಹೊಲಿಯುವುದು ಹೆಂಗಸರು. ಆದರೂ ವ್ಯಾಪಾರಿಯ ಲೆಕ್ಕದಲ್ಲಿ ಹೆಂಗಸರ ಹೆಸರಿರಲಿಲ್ಲ. ಮುಂಗಡ ಕೊಟ್ಟವನೇ ದರ ಹೇಳುತ್ತಿದ್ದ. ಮಳೆಗಾಲದಲ್ಲಿ ಚರ್ಮ ಒಣಗುವುದಿಲ್ಲ, ಚರ್ಮದ ಚಪ್ಪಲಿ ಕೊಳ್ಳುವವರೂ ಇಲ್ಲ. ಸಾಲ ಬೆಳೆಯುತ್ತಿದ್ದುದು ಆಗಲೇ. ಅಗ್ಗದ ರಬ್ಬರು, ಪ್ಲಾಸ್ಟಿಕ್ ಬಂದಮೇಲೆ ಕಷ್ಟ ಇನ್ನೂ ಬಿಗಿಯಾಯಿತು.

1990ರ ದಶಕದ ಕೊನೆಯ ಹೊತ್ತಿಗೆ ಮಧುರಾ ಛತ್ರಪತಿ ಅವರ ಅಸೆಂಟ್ ಎಂಬ ಸ್ವಯಂಸೇವಾ ಸಂಸ್ಥೆ ಅಥಣಿಗೆ ಬಂತು. ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡರು. ಅವುಗಳ ಮೇಲೆ ‘ಟೋಹೋಲ್ಡ್’ ಎಂಬ ಕುಶಲಕರ್ಮಿಗಳದೇ ಸಂಸ್ಥೆ ನಿಂತಿತು. ಚಪ್ಪಲಿ ವಿದೇಶಕ್ಕೂ ಹೋಯಿತು.

ಹೊರಗಿನ ಅಂಗಡಿಗೆ ಕೈಕೆಲಸದ ಚೆಂದವಷ್ಟೇ ಸಾಲದು. ಎಡ–ಬಲ ಸರಿಹೊಂದಬೇಕು, ನೂರನೆಯ ಜೋಡಿಯೂ ಮೊದಲಿನದರಂತೆಯೇ ಇರಬೇಕು, ಹೇಳಿದ ದಿನಕ್ಕೆ ಮಾಲು ತಲುಪಬೇಕು. ಅಪ್ಪ–ಅಜ್ಜನ ಕಾಲದಿಂದ ಕಣ್ಣಳತೆಯಲ್ಲಿ ಕತ್ತರಿಸಿದವರಿಗೆ ಇದು ಸಣ್ಣ ಮಾತಲ್ಲ. ಕೈ ಪಳಗಿದ ಹಿರಿಯನ ಜೋಡಿಯೂ ತಪಾಸಣೆಯಲ್ಲಿ ವಾಪಸಾಗಬಹುದು. ಆ ನೋವನ್ನು ಯಾವ ತರಬೇತಿ ಪುಸ್ತಕವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ತಡೆದುಕೊಳ್ಳಲು ಧೈರ್ಯವೊಂದೇ ಸಾಲದು. ಆ ವಾರದ ಸಂತೆಗೆ ದುಡ್ಡು ಬೇಕು, ಕೆಟ್ಟ ಚರ್ಮದ ನಷ್ಟ ಒಬ್ಬನ ತಲೆಗೇ ಬೀಳಬಾರದು. ಸಂಘದ ಉಳಿತಾಯದಿಂದ ಆಗುವ ಉಪಕಾರ ಇದೇ. ಹೊಸದನ್ನು ಕಲಿಯುವವರಿಗೆ ತಪ್ಪು ಮಾಡಲು ಅವಕಾಶ ಸಿಗುತ್ತದೆ. ಹೊಲಿಗೆಯ ದುಡ್ಡು ಹೊಲಿದವಳ ಖಾತೆಗೇ ಬಂದರೆ ದರದ ಮಾತಿನಲ್ಲಿ ಅವಳಿಗೂ ದನಿ ಬರುತ್ತದೆ. ಇದು ದಾನವಲ್ಲ, ಅವಳ ಹಕ್ಕು ಎಂಬುದು ನನ್ನ ಖಚಿತ ಅಭಿಪ್ರಾಯ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ದಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಮಾದರಿಯ ಚಪ್ಪಲಿಯನ್ನು ಮೂಲ ಹೇಳದೆ ಮಿಲಾನ್‌ನಲ್ಲಿ ಪ್ರದರ್ಶಿಸಿತು. ಟೀಕೆ ಬಂದಮೇಲೆ ಮೂಲವನ್ನು ಒಪ್ಪಿಕೊಂಡು, ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಕರ್ನಾಟಕದ ಪರವಾಗಿ ಸಹಿ ಹಾಕಿದ ಲಿಡ್ಕರ್ ನಿಗಮ ಈಗ ಅಥಣಿಯವರ ಮುಂದೆ ಮೂರು ಲೆಕ್ಕ ಬಿಚ್ಚಿಡಲಿ: ಜೋಡಿಗೆ ಕೂಲಿ ಎಷ್ಟು, ಮುಂಗಡ ಯಾರಿಗೆ, ವಾಪಸಾದ ಮಾಲಿನ ಹೊರೆ ಯಾರದು.