ಫ್ಲೈಟ್ ಮೋಡ್: ಹೊಣೆ ಯಾರದು?

ಮೊಬೈಲಿನಿಂದ ವಿಮಾನಕ್ಕೆ ನಿಜಕ್ಕೂ ಅಪಾಯವಿದೆಯೇ? ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನ್ನನ್ನು ಗೆಳೆಯರು ಆಗಾಗ ಕೇಳುತ್ತಾರೆ. ಮೊಬೈಲಿನಿಂದಲೇ ವಿಮಾನ ಬಿದ್ದದ್ದು ಸಾಬೀತಾಗಿಲ್ಲ. ಹಾಗೆಂದು ಭಯ ಪೂರ್ತಿ ಸುಳ್ಳೂ ಅಲ್ಲ. ವೈ-ಫೈ ತರಂಗಗಳಿಂದ ಕೆಲವು ಕಾಕ್‌ಪಿಟ್ ಪರದೆಗಳು ಖಾಲಿಯಾಗುವುದು ಪರೀಕ್ಷೆಯಲ್ಲಿ ಕಂಡುಬಂದಿತ್ತು. 2014ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಸುಮಾರು 1,300 ಬೋಯಿಂಗ್ 737 ಮತ್ತು 777 ವಿಮಾನಗಳಲ್ಲಿ ಅವನ್ನು 5 ವರ್ಷದೊಳಗೆ ಬದಲಿಸಲು ಆದೇಶಿಸಿತು.

ಪ್ರಯಾಣಿಕರನ್ನಷ್ಟೇ ಎಚ್ಚರಿಸದೆ ಯಂತ್ರವನ್ನೇ ಗಟ್ಟಿಗೊಳಿಸಿದ ಈ ದಾರಿಯೇ ಸರಿ. ನೂರೈವತ್ತು ಜನರಲ್ಲಿ ಒಬ್ಬರಾದರೂ ಮೊಬೈಲ್ ಮರೆತೇ ಮರೆಯುತ್ತಾರೆ. ಎಲ್ಲರ ಜೀವ ಒಬ್ಬರ ನೆನಪಿನ ಮೇಲೆ ನಿಲ್ಲಬಾರದು. ಆದರೆ ಎಲ್ಲ ವಿಮಾನಗಳ ತಾಳಿಕೆಯೂ ಒಂದೇ ಅಲ್ಲ. ಯಾವುದು ಎಷ್ಟು ಗಟ್ಟಿ ಎಂಬುದು ಸೀಟಿನಲ್ಲಿ ಕುಳಿತ ನಮಗೆ ತಿಳಿಯದು. ಆದ್ದರಿಂದ ಗಗನಸಖಿ ಹೇಳಿದಾಗ ಫ್ಲೈಟ್ ಮೋಡ್ ಒತ್ತೋಣ.