ಬಿಡಿಭಾಗ ಯಾರದ್ದಾದರೂ ಇರಲಿ, ನೌಕೆ ನಮ್ಮದಾಗಿರಲಿ

1977ರ 'ಸ್ಟಾರ್ ವಾರ್ಸ್' ಚಿತ್ರದ ಮೊದಲ ದೃಶ್ಯ ನಮ್ಮಲ್ಲಿ ಬಹಳ ಜನ ನೋಡಿರ್ತೀವಿ. ಒಂದು ಚಿಕ್ಕ ನೌಕೆ ತಪ್ಪಿಸಿಕೊಂಡು ಓಡ್ತಿರುತ್ತೆ. ಅದರ ಹಿಂದೆ ನಮ್ಮ ತಲೆ ಮೇಲಿಂದಲೇ ಬಂತು ಅನ್ನೋ ಹಾಗೆ ಸ್ಟಾರ್ ಡಿಸ್ಟ್ರಾಯರ್ ಬರುತ್ತೆ. ಬರ್ತಾನೇ ಇರುತ್ತೆ, ಮುಗಿಯೋದೇ ಇಲ್ಲ. ಆದರೆ ಆ ಬೃಹತ್ ನೌಕೆಯ ಮಾಡೆಲ್ ಇದ್ದದ್ದು ಸುಮಾರು 3 ಅಡಿ ಉದ್ದ, ಅಷ್ಟೇ. ಮುಂದೆ ಓಡುವ 'ಚಿಕ್ಕ' ನೌಕೆಯ ಮಾಡೆಲ್ಲೇ ಅದರ ಹೆಚ್ಚುಕಡಿಮೆ ಎರಡರಷ್ಟು ಇತ್ತು!

ನಮ್ಮ ಲ್ಯಾಬ್ ಟೇಬಲ್ ಮೇಲೆ ಕೂರುವಂಥ ವಸ್ತು ಅಷ್ಟು ದೊಡ್ಡದಾಗಿ ಕಾಣಿಸಿದ್ದು ಹೇಗೆ? ಒಂದು ಕಾರಣ ಕಿಟ್‌ಬ್ಯಾಶಿಂಗ್. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ 1975ರಲ್ಲಿ ಲಾಸ್ ಏಂಜಲಿಸ್‌ನ ಒಂದು ಗೋದಾಮಿನಲ್ಲಿ ಶುರುವಾಯಿತು. ಅಲ್ಲಿನ ಮಾಡೆಲ್ ತಂಡದವರು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್‌ಗಳನ್ನು ರಾಶಿಗಟ್ಟಲೆ ತಂದರು. ಟ್ಯಾಂಕ್, ಯುದ್ಧವಿಮಾನ, ಯುದ್ಧನೌಕೆ ಹೀಗೆ ಏನೇನೋ. ಡಬ್ಬಿ ಮೇಲಿನ ಚಿತ್ರದ ಪ್ರಕಾರ ಜೋಡಿಸೋದು ಬಿಟ್ಟು, ಬೇಕಾದ ತುಂಡುಗಳನ್ನು ಮಾತ್ರ ಆರಿಸಿ ತಮ್ಮ ನೌಕೆಗಳ ಮೈಮೇಲೆ ಅಂಟಿಸಿದರು. ಇಂಥ ತುಂಡುಗಳಿಗೆ ಅವರು ಇಟ್ಟ ಹೆಸರು ಗ್ರೀಬ್ಲಿ. 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲೂ ನೌಕೆಗಳ ಮೇಲೆ ಹೀಗೇ ಕಿಟ್ ತುಂಡುಗಳನ್ನು ಬಳಸಿದ್ದರು.

ಇದು ಸುಮ್ಮನೆ ಅಲಂಕಾರ ಅಲ್ಲ. ನುಣುಪಾದ ಹಲಗೆ ನೋಡಿದರೆ ಅದು 3 ಅಡಿಯೋ 3 ಕಿಲೋಮೀಟರೋ ಅಂತ ಕಣ್ಣಿಗೆ ಗೊತ್ತಾಗಲ್ಲ. ಅದರ ಮೇಲೆ ಸಣ್ಣ ಸಣ್ಣ ಪೈಪು, ಮುಚ್ಚಳ, ಪೆಟ್ಟಿಗೆ ಕಂಡ ಕೂಡಲೇ 'ಅಬ್ಬಾ, ಇದು ದೊಡ್ಡದು' ಅಂತ ನಾವೇ ಲೆಕ್ಕ ಹಾಕ್ತೀವಿ. ಟ್ಯಾಂಕ್ ಕಿಟ್‌ನ ತುಂಡು ನಿಜವಾದ ಯಂತ್ರದ ನಕಲು. ಅದರ ಪ್ರಮಾಣ, ಅಂಚು, ಬೋಲ್ಟುಗಳನ್ನೆಲ್ಲ ಯಾರೋ ಎಂಜಿನಿಯರ್ ಯೋಚಿಸಿಯೇ ಇಟ್ಟಿರುತ್ತಾರೆ. ಅದಕ್ಕೇ ಅದು ನಂಬಿಕೆ ಹುಟ್ಟಿಸುತ್ತೆ.

ಕ್ಯಾಮೆರಾ ಕೆಲಸವೂ ನಮ್ಮ ಸಿಲಬಸ್ಸಿಗೆ ದೂರದ್ದಲ್ಲ. ಜಾನ್ ಡೈಕ್‌ಸ್ಟ್ರಾ ಅವರ ತಂಡ ಕಟ್ಟಿದ ಡೈಕ್‌ಸ್ಟ್ರಾಫ್ಲೆಕ್ಸ್ ಕ್ಯಾಮೆರಾ ಸ್ಟೆಪ್ಪರ್ ಮೋಟಾರುಗಳಿಂದ ಓಡುತ್ತಿತ್ತು, ಒಂದೇ ಚಲನೆಯನ್ನು ಎಷ್ಟು ಸಲ ಬೇಕಾದರೂ ಕರಾರುವಾಕ್ಕಾಗಿ ಮತ್ತೆ ಮಾಡುತ್ತಿತ್ತು. ಹಾರುತ್ತಿದ್ದದ್ದು ಹೆಚ್ಚಾಗಿ ನೌಕೆಯಲ್ಲ, ಕ್ಯಾಮೆರಾ! ಇನ್ನು ಮಾಡೆಲ್ ಸ್ಫೋಟ, ಬೀಳುವ ಅವಶೇಷ ಇಂಥವಕ್ಕೆ ಇನ್ನೊಂದು ಲೆಕ್ಕ ಇದೆ. ವಸ್ತು ಬೀಳಲು ಹಿಡಿಯುವ ಸಮಯ ಎತ್ತರದ ವರ್ಗಮೂಲದ ಪ್ರಕಾರ ಬದಲಾಗುತ್ತೆ. ಹಾಗಾಗಿ 1/25 ಅಳತೆಯ ಮಾಡೆಲ್ ಆದರೆ 5 ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 24 ಬದಲು 120 ಫ್ರೇಮ್ ಚಿತ್ರೀಕರಿಸಬೇಕು. ನಾವು ಇಂಟರ್ನಲ್ಸ್‌ಗೆ ಉರು ಹೊಡೆಯುವ ಡೈಮೆನ್ಷನಲ್ ಅನಾಲಿಸಿಸ್ ಇದೇ.

ಈಗ ನಮ್ಮ ವಾದ. ಪ್ರಾಜೆಕ್ಟ್ ಅಂದರೆ ನಮ್ಮಲ್ಲಿ ಎರಡು ಗುಂಪು. ಒಂದು ಗುಂಪಿಗೆ ಎಲ್ಲವನ್ನೂ ಸೊನ್ನೆಯಿಂದಲೇ ಮಾಡಬೇಕು, ರೆಡಿ ಮಾಡ್ಯೂಲ್ ಅಥವಾ ಲೈಬ್ರರಿ ಬಳಸಿದರೆ ಅದು ಮೋಸ. ಇನ್ನೊಂದು ಗುಂಪು ಇಡೀ ಪ್ರಾಜೆಕ್ಟನ್ನೇ ದುಡ್ಡು ಕೊಟ್ಟು ತಂದು ಹೆಸರು ಅಂಟಿಸುತ್ತೆ. ಎರಡೂ ತಪ್ಪು ಅಂತ ನಮಗೆ ಅನಿಸುತ್ತೆ, ಯಾಕೆ ಅನ್ನೋದಕ್ಕೆ ಮಿಲೇನಿಯಮ್ ಫಾಲ್ಕನ್ ಕಥೆ ಸಾಕು. ಫಾಲ್ಕನ್‌ಗೆ ಅಂತ ಮೊದಲು ಕಟ್ಟಿದ ಮಾಡೆಲ್ಲು 'ಸ್ಪೇಸ್: 1999' ಟಿವಿ ಸರಣಿಯ ಈಗಲ್ ನೌಕೆಯ ಥರ ಕಾಣುತ್ತೆ ಅಂತ ಅದನ್ನು ಕೈಬಿಟ್ಟು, ಈಗ ನಮಗೆಲ್ಲ ಗೊತ್ತಿರುವ ದುಂಡನೆಯ ಫಾಲ್ಕನ್ ಮಾಡಿದರು. ಹಳೆಯದನ್ನೂ ಎಸೆಯಲಿಲ್ಲ, ಸ್ವಲ್ಪ ಬದಲಿಸಿ ಬಳಸಿದರು. ಮೊದಲ ದೃಶ್ಯದಲ್ಲಿ ಓಡಿಹೋಗುವ ನೌಕೆ ಅದೇ!

ಗಮನಿಸಿ: ಕಂಡ ಕಂಡ ಡಬ್ಬಿಯಿಂದ ತುಂಡು ತೆಗೆದವರೇ ಇನ್ನೊಬ್ಬರ ಒಟ್ಟು ರೂಪವನ್ನು ಹೋಲುವುದು ಬೇಡ ಅಂದರು. ಬಿಡಿಭಾಗ ಸಾಲ ತರಬಹುದು, ಆದರೆ ಯೋಚನೆ ಸಾಲ ತರಬಾರದು. ಈ ತುಂಡು ಇಲ್ಲೇ ಯಾಕಿದೆ ಅಂತ ಕೇಳಿದರೆ ಉತ್ತರ ಇರಬೇಕು. ಕೊಂಡು ತಂದ ಪ್ರಾಜೆಕ್ಟಿನಲ್ಲಿ ಇಲ್ಲದಿರೋದು ಆ ಉತ್ತರವೇ. ವೈವಾದಲ್ಲಿ ಸಿಕ್ಕಿಬೀಳೋದೂ ಅಲ್ಲೇ.

ಹಾಗಂತ 'ಹಳೇದೇ ಚಂದ, ಸಿಜಿ ಎಲ್ಲ ಡಬ್ಬಾ' ಅನ್ನೋ ರೀಲ್ಸ್ ವಾದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಕಂಪ್ಯೂಟರ್ ಮುಂದೆ ರಾತ್ರಿಯಿಡೀ ಕೂರುವವರದ್ದೂ ಕೈಕೆಲಸವೇ. 2016ರ 'ದಿ ಜಂಗಲ್ ಬುಕ್' ಚಿತ್ರದ ಗ್ರಾಫಿಕ್ಸ್‌ನಲ್ಲಿ ಬೆಂಗಳೂರಿನ ಕಲಾವಿದರ ಪಾಲೂ ಇದೆ. 2019ರಲ್ಲಿ ಶುರುವಾದ 'ದಿ ಮ್ಯಾಂಡಲೋರಿಯನ್' ಸರಣಿಗೆ ಸಿಜಿಯ ಜೊತೆಗೇ ರೇಜರ್ ಕ್ರೆಸ್ಟ್ ನೌಕೆಯ ಮಾಡೆಲ್ಲನ್ನೂ ಕಟ್ಟಿದ್ದರು. ಎರಡಕ್ಕೂ ಜಾಗ ಇದೆ.

ಕೊನೆಗೆ ಒಂದು ಸಲಹೆ. ಮುಂದಿನ ಫೆಸ್ಟ್‌ನಲ್ಲಿ ನಮ್ಮ ಸಂಘದಿಂದ ಒಂದು ಕಿಟ್‌ಬ್ಯಾಶ್ ಸ್ಪರ್ಧೆ ಇಡೋಣ. ಕೆಟ್ಟ ಕೀಬೋರ್ಡ್, ಹಳೇ ಪ್ರಿಂಟರ್, ರೀಫಿಲ್ ಮುಗಿದ ಪೆನ್ನು, ಒಡೆದ ಚಾರ್ಜರ್, ಇಷ್ಟೇ ಸಾಮಗ್ರಿ. ಯಾವ ಬ್ರಾಂಚ್‌ನವರಾದರೂ ಬನ್ನಿ. ನಿಯಮ ಒಂದೇ: ತೀರ್ಪುಗಾರರು ಯಾವ ತುಂಡಿನ ಮೇಲೆ ಬೆರಳಿಟ್ಟು ತೋರಿಸಿದರೂ, ಅದು ಅಲ್ಲೇ ಯಾಕಿದೆ ಅಂತ ಕನ್ನಡದಲ್ಲಿ ಹೇಳಬೇಕು.